ಬೂದಿ ಮೊದಲು, ಕಟ್ಟಿಗೆ ಆಮೇಲೆ: ಆತ್ಮಿಕ ಜಡತೆಗೆ ದೋಷ ನಿವಾರಣೆ ಕೈಪಿಡಿ

“ಪ್ರಾರ್ಥನೆಗೆ ಕೂತರೆ ಮನಸ್ಸು ನಿಲ್ಲೋದಿಲ್ಲ.” “ಸತ್ಯವೇದ ಓದ್ತೀನಿ, ಆದರೆ ಏನೂ ತಟ್ಟೋದಿಲ್ಲ.” “ಹತ್ತು ವರ್ಷದಿಂದ ನಮ್ಮ ಸಭೆ ಇದ್ದಲ್ಲೇ ಇದೆ, ಅಯ್ಯನವರೇ.”

ಆತ್ಮಿಕ ಜಡತೆಯ ದೂರು ಸಭಾಪಾಲಕರ (ಅಯ್ಯನವರ) ಬಳಿಗೆ ಹೆಚ್ಚಾಗಿ ಈ ಮೂರರಲ್ಲಿ ಒಂದು ಮಾತಾಗಿ ಬರುತ್ತದೆ. ಕೇಳುವುದಕ್ಕೆ ಎಲ್ಲವೂ ಒಂದೇ, ಆದರೆ ಒಳಗಿನ ದೋಷ ಬೇರೆ ಬೇರೆ. ನಿದ್ದೆಗೆಟ್ಟ ದೇಹ, ಮುಚ್ಚಿಟ್ಟ ಪಾಪ, ದೇವರೇ ನಡೆಸುತ್ತಿರುವ ಒಣ ಕಾಲ, ಹೊರಲಾರದಷ್ಟು ಸೇವೆಯ ಹೊರೆ, ಮುರಿದ ಸಂಬಂಧ, ಇವುಗಳಲ್ಲಿ ಯಾವುದಿದ್ದರೂ ಹೊರಗೆ ಕಾಣುವುದು ಅದೇ ಮಂಕು. ಇದನ್ನು ಬಿಡಿಸಿ ನೋಡದೆ ಎಲ್ಲದಕ್ಕೂ ಮೂರು ದಿನದ ಉಜ್ಜೀವನ ಕೂಟವನ್ನೇ (ಭಕ್ತಿಯನ್ನು ಮತ್ತೆ ಹೊತ್ತಿಸಲು ನಡೆಸುವ ವಿಶೇಷ ಕೂಟ) ಮದ್ದಾಗಿ ಕೊಡುತ್ತೇವೆ. ನಾಲ್ಕನೆಯ ದಿನಕ್ಕೆ ಶಾಮಿಯಾನ ಬಿಚ್ಚುತ್ತಾರೆ, ಆರನೆಯ ವಾರಕ್ಕೆ ಸಭೆ ಮತ್ತೆ ಮೊದಲಿನ ಜಾಗಕ್ಕೆ ಬಂದಿರುತ್ತದೆ. ಆಗ ಜನ ತೀರ್ಮಾನಿಸುವುದು “ಮದ್ದು ತಪ್ಪಾಗಿತ್ತು” ಎಂದಲ್ಲ, “ನನ್ನಲ್ಲೇ ಏನೋ ಸತ್ತುಹೋಗಿದೆ” ಎಂದು. ಈ ಎರಡನೆಯ ಗಾಯ ಮೊದಲಿನದಕ್ಕಿಂತ ಆಳ.

ಯಜ್ಞವೇದಿಯ ಮೇಲಿನ ಬೆಂಕಿ ಆರಬಾರದು ಎಂಬ ಮಾತನ್ನು ಎಲ್ಲರೂ ಪ್ರಸಂಗಗಳಲ್ಲಿ ಕೇಳಿದ್ದೇವೆ. ಯಾಜಕಕಾಂಡ 6ನೇ ಅಧ್ಯಾಯದಲ್ಲಿ ಅದರ ಹಿಂದಿನ ವಚನಗಳನ್ನೂ ಓದಿ. ಯಾಜಕನು ನಾರಿನ ಉಡುಪು ತೊಟ್ಟು, ರಾತ್ರಿಯೆಲ್ಲ ಉರಿದ ಹೋಮದ ಬೂದಿಯನ್ನು ಎತ್ತಿ ವೇದಿಯ ಪಕ್ಕದಲ್ಲಿ ಇಡಬೇಕು. ಆಮೇಲೆ ಬಟ್ಟೆ ಬದಲಿಸಿ ಆ ಬೂದಿಯನ್ನು ಪಾಳೆಯದ ಹೊರಗೆ ಒಯ್ಯಬೇಕು. ಪ್ರತಿ ಬೆಳಿಗ್ಗೆ ಹೊಸ ಕಟ್ಟಿಗೆ ಇಡುವ ಮಾತು ಬರುವುದು ಅದಾದ ಮೇಲೆ. ಸೌದೆ ಒಲೆಯಲ್ಲಿ ಅಡುಗೆ ಮಾಡಿದ ಯಾವ ತಾಯಿಗೂ ಇದನ್ನು ವಿವರಿಸಬೇಕಾಗಿಲ್ಲ. ಬೂದಿ ತುಂಬಿದ ಒಲೆಗೆ ಎಷ್ಟು ಸೌದೆ ತುರುಕಿದರೂ ಗಾಳಿ ಆಡದೆ ಹೊಗೆಯೇ ಏಳುತ್ತದೆ. ಈ ಕೈಪಿಡಿಯೂ ಅದೇ ಕ್ರಮದಲ್ಲಿ ಸಾಗುತ್ತದೆ. ದಯವಿಟ್ಟು ನಡುವಿನ ಹೆಜ್ಜೆ ಹಾರಿಸಬೇಡಿ.

ಏನನ್ನೂ ಬದಲಿಸದೆ ಏಳು ದಿನ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ, ದಿನಕ್ಕೊಂದು ಪುಟ. ಮಲಗಿದ್ದು ಎಷ್ಟಕ್ಕೆ, ಎದ್ದದ್ದು ಎಷ್ಟಕ್ಕೆ; ಸತ್ಯವೇದವನ್ನು ಪ್ರಸಂಗಕ್ಕಾಗಿ ಅಥವಾ ಸಂಡೇ ಸ್ಕೂಲಿಗಾಗಿ ತೆರೆದದ್ದು ಬಿಟ್ಟು, ನಿಮಗಾಗಿ ತೆರೆದದ್ದು ಎಷ್ಟು ನಿಮಿಷ; ಒಬ್ಬರೇ ಪ್ರಾರ್ಥಿಸಿದ್ದು ಎಷ್ಟು ನಿಮಿಷ; ಬೆಳಿಗ್ಗೆ ಮೊದಲು ಕೈಗೆ ಬಂದದ್ದು ಏನು; ಆ ದಿನ ಯಾರ ನೆನಪಾದಾಗ ಎದೆ ಬಿಗಿಯಿತು. ಇಷ್ಟೇ ಬರೆಯಿರಿ. ಸರಿಪಡಿಸಲು ಹೋಗಬೇಡಿ, ಸುಳ್ಳನ್ನೂ ಬರೆಯಬೇಡಿ. ಸಭಾಪಾಲಕರಾಗಿದ್ದರೆ ಎರಡನೆಯ ಸಾಲು ಬಹಳ ದಿನ ಸೊನ್ನೆಯೇ ಇರಬಹುದು. ಅದನ್ನು ನೋಡಿ ಗಾಬರಿಯಾಗುವುದು ಬೇಡ. ಅಳತೆ ಸಿಕ್ಕಿತು, ಅಷ್ಟೇ.

ಕೊನೆಯ ಸಾಲು ಮುಖ್ಯ. ಏಳು ಪುಟಗಳಲ್ಲಿ ಒಂದೇ ಹೆಸರು ನಾಲ್ಕು ಸಲ ಬಂದರೆ, ದೋಷ ಅರ್ಧ ಸಿಕ್ಕಿದಂತೆ.

ಮೊದಲ ಪರೀಕ್ಷೆ: ದೇಹ

ಪ್ರವಾದಿ ಎಲೀಯನು ಜಾಲಿ ಗಿಡದ ಕೆಳಗೆ ಬಿದ್ದು ಸಾವನ್ನು ಕೇಳಿಕೊಂಡಾಗ ದೇವರು ಅವನಿಗೆ ಉಪದೇಶ ಮಾಡಲಿಲ್ಲ. ಮಲಗಲು ಬಿಟ್ಟನು. ದೂತನು ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟನು. ಅವನು ತಿಂದು ಮತ್ತೆ ಮಲಗಿದನು. ಎರಡನೆಯ ಸಲವೂ ಎಬ್ಬಿಸಿ ತಿನ್ನಿಸಿದನು. “ಇಲ್ಲಿ ಏನು ಮಾಡುತ್ತೀ” ಎಂಬ ಪ್ರಶ್ನೆ ಬಂದದ್ದು ಅದಾಗಿ ನಲವತ್ತು ದಿನ ನಡೆದು ಹೋರೇಬ್ ಬೆಟ್ಟಕ್ಕೆ ಹೋದ ಮೇಲೆ (1 ಅರಸುಗಳು 19). ನಾವು ಈ ಕ್ರಮವನ್ನು ತಲೆಕೆಳಗು ಮಾಡುತ್ತೇವೆ. ದಣಿದು ಬಂದವರಿಗೆ ಮೊದಲು ಪ್ರಶ್ನೆ, ಆಮೇಲೆ ಉಪವಾಸ.

ದಿನಕ್ಕೆ ಆರು ಗಂಟೆಗಿಂತ ಕಡಿಮೆ ನಿದ್ದೆ ಮಾಡುತ್ತಿದ್ದರೆ, ಬೇರೇನನ್ನೂ ಮುಟ್ಟುವ ಮುಂಚೆ ಎರಡು ವಾರ ಏಳರಿಂದ ಎಂಟು ಗಂಟೆ ಮಲಗಿ. ಜೊತೆಗೆ ಒಮ್ಮೆ ವೈದ್ಯರ ಬಳಿ ಹೋಗಿ ಹಿಮೋಗ್ಲೋಬಿನ್, ಥೈರಾಯ್ಡ್, ವಿಟಮಿನ್ ಬಿ12, ಸಕ್ಕರೆ ಅಂಶ ನೋಡಿಸಿ. ರಕ್ತಹೀನತೆ ಇರುವ ಹೆಂಗಸರು “ನನಗೆ ದೇವರಲ್ಲಿ ಆಸಕ್ತಿಯೇ ಹೋಗಿದೆ” ಎಂದು ವರ್ಷಗಟ್ಟಲೆ ತಮ್ಮನ್ನೇ ದೂರಿಕೊಳ್ಳುತ್ತಾರೆ. ನಿಜಕ್ಕೂ ಹೋಗಿರುವುದು ಕಬ್ಬಿಣದ ಅಂಶ.

ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಮಂಕಾಗಿದ್ದರೆ, ಪ್ರಾರ್ಥನೆಯಲ್ಲಷ್ಟೇ ಅಲ್ಲ, ಊಟ, ಮಕ್ಕಳು, ಹಾಡು ಯಾವುದರಲ್ಲೂ ರುಚಿ ಇಲ್ಲದಿದ್ದರೆ, ಬದುಕು ಸಾಕು ಅನ್ನಿಸುತ್ತಿದ್ದರೆ, ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಇಂಥವರಿಗೆ “ನಂಬಿಕೆ ಕಡಿಮೆ, ಇನ್ನಷ್ಟು ಪ್ರಾರ್ಥಿಸಿ” ಎನ್ನುವುದು ಕಾಲು ಮುರಿದವರಿಗೆ ಓಡಲು ಹೇಳಿದಂತೆ. ಮಾತ್ರೆ ಬರೆದುಕೊಟ್ಟಿದ್ದರೆ “ನಂಬಿಕೆ ಇದ್ದರೆ ಬಿಟ್ಟುಬಿಡಿ” ಎಂದು ಯಾವ ಸೇವಕರೂ ಹೇಳಬಾರದು. ಹಾಗೆ ಹೇಳುವ ಅಧಿಕಾರ ನಮಗಿಲ್ಲ.

ಎರಡನೆಯ ಪರೀಕ್ಷೆ: ಒಣಗಿದೆಯೋ, ಉಗುರುಬೆಚ್ಚಗಾಗಿದೆಯೋ

ಜನ ಅತಿ ಹೆಚ್ಚು ತಪ್ಪುವುದು ಇಲ್ಲಿ. ಎರಡರಲ್ಲೂ ಪ್ರಾರ್ಥನೆಯ ಸಿಹಿ ಹೋಗಿರುತ್ತದೆ, ಆದರೆ ಮದ್ದು ಮಾತ್ರ ಒಂದಕ್ಕೊಂದು ವಿರುದ್ಧ.

ಸ್ಪೇನಿನ ಸನ್ಯಾಸಿ ‘ಶಿಲುಬೆಯ ಯೋಹಾನ’ (1542–1591) ಇದಕ್ಕೆ ಮೂರು ಗುರುತು ಕೊಟ್ಟಿದ್ದಾರೆ. ಅದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ. ದೇವರ ವಿಷಯಗಳಲ್ಲಿ ರುಚಿ ಇಲ್ಲ, ಹಾಗೆಂದು ಲೋಕದ ವಿಷಯಗಳಲ್ಲೂ ಇಲ್ಲ. “ನಾನು ದೇವರಿಂದ ದೂರ ಹೋಗುತ್ತಿದ್ದೇನೇನೋ” ಎಂಬ ಸಂಕಟ ಬಿಡದೆ ಕಾಡುತ್ತದೆ. ಮೊದಲಿನಂತೆ ವಚನವನ್ನು ಹಿಡಿದು ಮೆಲುಕು ಹಾಕಲು ಎಷ್ಟು ಯತ್ನಿಸಿದರೂ ಆಗುವುದಿಲ್ಲ. ಮೂರೂ ಒಟ್ಟಿಗೆ ಇದ್ದರೆ ಅದು ಬೆಳವಣಿಗೆಯ ಒಣ ಕಾಲ. ದೇವರು ತನ್ನ ಕೊಡುಗೆಗಳ ಸಿಹಿಯನ್ನು ತೆಗೆದು ತನ್ನನ್ನೇ ಕೊಡಲು ಸಿದ್ಧಮಾಡುವ ಕಾಲ ಅದು. ಆದರೆ ಪ್ರಾರ್ಥನೆಯಲ್ಲಿ ರುಚಿ ಇಲ್ಲ, ರೀಲ್ಸ್‌ನಲ್ಲಿ ಇದೆ, ಅದರ ಬಗ್ಗೆ ಚಿಂತೆಯೂ ಇಲ್ಲ ಎಂದಾದರೆ ಅದು ಉಗುರುಬೆಚ್ಚಗಿನ ಸ್ಥಿತಿ. ಪ್ರಕಟನೆ ಗ್ರಂಥದಲ್ಲಿ ಉಗುರುಬೆಚ್ಚಗಿದೆ ಎಂದು ಗದರಿಸಿಕೊಂಡ ಲವೊದಿಕೀಯದ ಸಭೆಯ ಗುರುತು ಅದೇ: “ನನಗೆ ಏನೂ ಕೊರತೆಯಿಲ್ಲ” ಎಂಬ ನೆಮ್ಮದಿ (ಪ್ರಕಟನೆ 3:17). ಒಣಗಿದ್ದೇನೆ ಎಂದು ಅಳುವವರು ಲವೊದಿಕೀಯದವರಲ್ಲ. ದಯವಿಟ್ಟು ಅವರ ಮೇಲೆ ಆ ವಾಕ್ಯವನ್ನು ಎಸೆಯಬೇಡಿ.

ಒಣ ಕಾಲಕ್ಕೆ ಏನು ಮಾಡಬೇಕು? ಪ್ರಾರ್ಥನೆಯ ಹೊತ್ತನ್ನು ಕಡಿಮೆ ಮಾಡಬೇಡಿ, ಮಾತನ್ನು ಕಡಿಮೆ ಮಾಡಿ. ಇಪ್ಪತ್ತು ನಿಮಿಷ ಕೂರುತ್ತಿದ್ದರೆ ಇಪ್ಪತ್ತೊಂದು ಕೂತು ಏಳಿ. ಸ್ವಂತ ಮಾತು ಬಾರದಿದ್ದರೆ ಕೀರ್ತನೆಗಳಿಂದ ಎರವಲು ಪಡೆಯಿರಿ. 13ನೇ ಕೀರ್ತನೆ ಆರೇ ವಚನ, “ಎಷ್ಟರ ವರೆಗೆ” ಎಂಬ ಕೂಗಿನಿಂದ ಆರಂಭವಾಗಿ ಹಾಡಿನಲ್ಲಿ ಮುಗಿಯುತ್ತದೆ. ಆ ತಿರುವೂ ಸಾಧ್ಯವಿಲ್ಲದ ದಿನಕ್ಕೆ 88ನೇ ಕೀರ್ತನೆ ಇದೆ. ಅದು ಕತ್ತಲೆಯಲ್ಲೇ ನಿಲ್ಲುತ್ತದೆ, ಸಮಾಧಾನದ ಸಾಲು ಬರುವುದಿಲ್ಲ. ಅಂಥ ಪ್ರಾರ್ಥನೆಗೂ ಸತ್ಯವೇದದಲ್ಲಿ ಜಾಗ ಇದೆ ಎಂಬುದೇ ಎಷ್ಟೋ ಜನರಿಗೆ ಉಸಿರು ಕೊಟ್ಟಿದೆ. ಜೆಸ್ವಿಟ್ ಸನ್ಯಾಸಿ ಸಂಘವನ್ನು ಕಟ್ಟಿದ ಇಗ್ನೇಷಿಯಸ್ ಲೊಯೋಲಾ (1491–1556) ಕೊಟ್ಟ ನಿಯಮವನ್ನೂ ಜೊತೆಗಿಟ್ಟುಕೊಳ್ಳಿ: ಮನಸ್ಸು ಬರಡಾದ ಹೊತ್ತಿನಲ್ಲಿ ಹಿಂದಿನ ನಿರ್ಧಾರಗಳನ್ನು ಬದಲಿಸಬಾರದು. ಸೇವೆಗೆ ರಾಜೀನಾಮೆ, ಸಭೆ ಬಿಡುವುದು, ವರ್ಗಾವಣೆಯ ಅರ್ಜಿ, ಇವು ಯಾವುವನ್ನೂ ಈ ಕಾಲದಲ್ಲಿ ಬರೆಯಬೇಡಿ. ದೌರ್ಜನ್ಯ ಅಥವಾ ಅಪಾಯ ಇರುವ ಕಡೆ ಈ ನಿಯಮ ಅನ್ವಯಿಸದು, ಅಲ್ಲಿಂದ ಕೂಡಲೇ ಹೊರಬನ್ನಿ.

ಉಗುರುಬೆಚ್ಚಗಿನ ಸ್ಥಿತಿಯಾದರೆ ಮುಂದಿನ ಹೆಜ್ಜೆ.

ಬೂದಿ ತೆಗೆಯುವುದು

ಬೂದಿ ಎಂದರೆ ನಿನ್ನೆ ಉರಿದು ಉಳಿದದ್ದು. ಒಪ್ಪಿಕೊಳ್ಳದ ಪಾಪ ಒಂದು, ಸರಿಮಾಡದ ಜಗಳ ಇನ್ನೊಂದು. ಹಿಂದಿನ ಅನುಭವವನ್ನೇ ಹೇಳಿಕೊಂಡು ಬದುಕುವುದೂ ಬೂದಿಯೇ. ಇಪ್ಪತ್ತು ವರ್ಷದ ಹಿಂದಿನ ಸಾಕ್ಷಿ ಬಿಟ್ಟರೆ ಹೊಸದು ಹೇಳಲು ಇಲ್ಲದಿದ್ದರೆ, ಅದನ್ನು ಕೃತಜ್ಞತೆಯಿಂದ ಪಕ್ಕಕ್ಕಿಡುವ ಹೊತ್ತು ಬಂದಿದೆ.

ಮುಚ್ಚಿಟ್ಟ ಪಾಪ ದೇಹಕ್ಕೂ ಇಳಿಯುತ್ತದೆ ಎಂದು ದಾವೀದನು 32ನೇ ಕೀರ್ತನೆಯಲ್ಲಿ ಹೇಳುತ್ತಾನೆ. ಬಾಯಿಬಿಡದೆ ಇದ್ದಾಗ ಎಲುಬು ಸವೆಯಿತು, ಬೇಸಿಗೆಯ ಬಿಸಿಲಿಗೆ ಬತ್ತಿದ ಹಾಗೆ ಸಾರವೆಲ್ಲ ಬತ್ತಿತು. ಒಪ್ಪಿಕೊಳ್ಳುವ ಕ್ರಮ ಹೀಗಿರಲಿ. ಒಬ್ಬರೇ ಕೂತು ಹೆಸರಿಟ್ಟು ಬರೆಯಿರಿ. “ನಾನು ಪಾಪಿ” ಎಂದು ಬರೆದರೆ ಸಾಲದು, “ಸಂಘದ ಹಣದಲ್ಲಿ ಎರಡು ಸಾವಿರ ಇನ್ನೂ ನನ್ನ ಬಳಿ ಇದೆ” ಎಂದು ಬರೆಯಬೇಕು. ದೇವರ ಮುಂದೆ ಅದನ್ನು ಬಾಯಿಬಿಟ್ಟು ಓದಿ. ಆಮೇಲೆ ಹಣವಾಗಿದ್ದರೆ ಹಿಂದಿರುಗಿಸಿ, ರಸೀದಿ ಪಡೆಯಿರಿ. ಬಿಡಲಾಗದ ಚಟವಾಗಿದ್ದರೆ ಗುಟ್ಟು ಕಾಯಬಲ್ಲ, ವಯಸ್ಸಿನಲ್ಲಿ ಹಿರಿಯರಾದ, ನಿಮ್ಮದೇ ಲಿಂಗದ ಒಬ್ಬರಿಗೆ ತಿಳಿಸಿ, ವಾರಕ್ಕೊಮ್ಮೆ ಅವರೆದುರು ಲೆಕ್ಕ ಒಪ್ಪಿಸಿ. ಬರೆದ ಕಾಗದವನ್ನು ಹರಿದು ಸುಡಿ.

ಎಡವುವುದು ಎಲ್ಲಿ? ಉತ್ಸಾಹದಲ್ಲಿ ಮೈಕ್ ಹಿಡಿದು ಎಲ್ಲರೆದುರು ಎಲ್ಲವನ್ನೂ ಹೇಳಿಬಿಡುವುದರಲ್ಲಿ. ಇನ್ನೊಬ್ಬರ ಮಾನ ಒಳಗೊಂಡ ಪಾಪವನ್ನು ಸಭೆಯಲ್ಲಿ ಹೇಳಿದರೆ ಒಂದು ಮನೆ ಒಡೆಯುತ್ತದೆ. ಗುಟ್ಟಿನಲ್ಲಿ ಮಾಡಿದ್ದನ್ನು ಗುಟ್ಟಿನಲ್ಲಿ, ಎಲ್ಲರೆದುರು ಮಾಡಿದ್ದನ್ನು ಎಲ್ಲರೆದುರು ಒಪ್ಪಿಕೊಳ್ಳುವುದು ಸರಿಯಾದ ಅಳತೆ. ಆದರೆ ಮಕ್ಕಳ ಮೇಲಿನ ದೌರ್ಜನ್ಯದಂಥ ಅಪರಾಧಕ್ಕೆ ಈ ಗುಟ್ಟಿನ ಮಾತು ಸಲ್ಲದು. ಅದನ್ನು ಪೊಲೀಸರಿಗೆ ತಿಳಿಸಲೇಬೇಕು, ಪೋಕ್ಸೊ ಕಾನೂನೂ ಅದನ್ನೇ ಹೇಳುತ್ತದೆ.

ಜಗಳದ ವಿಷಯಕ್ಕೆ ಏಳು ದಿನದ ನೋಟ್‌ಬುಕ್ ತೆರೆಯಿರಿ. ಎದೆ ಬಿಗಿಸಿದ ಹೆಸರು ಯಾವುದೋ, ಅವರ ಮನೆಗೆ ನೀವೇ ಹೋಗಬೇಕು. ವಾಟ್ಸಾಪ್ ಬೇಡ, ಮಧ್ಯಸ್ಥರೂ ಮೊದಲ ಸಲಕ್ಕೆ ಬೇಡ. ಹೇಳಬೇಕಾದ ಮಾತು ಚಿಕ್ಕದು: “ಅಣ್ಣಾ, ಅವತ್ತು ಕಮಿಟಿಯಲ್ಲಿ ಎಲ್ಲರ ಮುಂದೆ ನಿಮ್ಮ ಮೇಲೆ ಹಾಗೆ ಕೂಗಾಡಿದ್ದು ನನ್ನ ತಪ್ಪು. ಕ್ಷಮಿಸಬೇಕು.” ಅಲ್ಲಿಗೆ ನಿಲ್ಲಿಸಿ. “ಆದರೆ ನೀವೂ...” ಎಂದ ಕೂಡಲೇ ತೆಗೆದ ಬೂದಿಯೆಲ್ಲ ಮತ್ತೆ ಒಲೆಗೆ ಬೀಳುತ್ತದೆ. ಅವರು ಕ್ಷಮಿಸದೆ ಇರಬಹುದು, ಬಾಗಿಲಲ್ಲೇ ಮಾತು ಮುಗಿಸಿ ಕಳುಹಿಸಬಹುದು. ನಿಮ್ಮ ಪಾಲಿನ ಕೆಲಸ ಮುಗಿಯಿತು. ಎರಡು ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಹೋಗಿ.

ಕಟ್ಟಿಗೆ: ಎಷ್ಟು, ಯಾವುದು

ಸತ್ಯವೇದದಲ್ಲಿ 1,189 ಅಧ್ಯಾಯಗಳಿವೆ. ವಾರದ ದಿನ ಮೂರು, ಭಾನುವಾರ ಐದು ಎಂದು ಓದಿದರೆ ವರ್ಷದಲ್ಲಿ ಮುಗಿಯುತ್ತದೆ. ಜನವರಿ 1ರಂದು ಎಲ್ಲರೂ ಹಿಡಿಯುವ ಈ ಯೋಜನೆಯನ್ನು ಜಡತೆಯಲ್ಲಿರುವವರು ಹಿಡಿಯಬಾರದು. ವಿಮೋಚನಕಾಂಡದ ಗುಡಾರದ ಅಳತೆಗಳಿಗೆ ಬರುವಷ್ಟರಲ್ಲಿ ನಾಲ್ಕು ದಿನ ತಪ್ಪಿರುತ್ತದೆ. ಹನ್ನೆರಡು ಅಧ್ಯಾಯ ಬಾಕಿ. ಬಾಕಿ ತೀರಿಸಲು ಕಣ್ಣು ಓಡಿಸುತ್ತಾರೆ, ಆಮೇಲೆ ಬಿಟ್ಟೇ ಬಿಡುತ್ತಾರೆ.

ಬದಲಿಗೆ ಹೊಸ ಒಡಂಬಡಿಕೆಯನ್ನು ಹಿಡಿಯಿರಿ. ಅದರಲ್ಲಿ 260 ಅಧ್ಯಾಯ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು ಓದಿದರೆ 52 ವಾರಕ್ಕೆ ಸರಿಯಾಗಿ ಮುಗಿಯುತ್ತದೆ. ಶನಿವಾರ, ಭಾನುವಾರ ತಪ್ಪಿದ್ದನ್ನು ಓದಲು ಇರುವ ಬಿಡುವು. ಮಾರ್ಕನ ಸುವಾರ್ತೆಯಿಂದ ಶುರುಮಾಡಿ, 16 ಅಧ್ಯಾಯ, ಮೂರು ವಾರಕ್ಕಿಂತ ಒಂದು ದಿನ ಹೆಚ್ಚಿನ ಕೆಲಸ. ಗಟ್ಟಿಯಾಗಿ ಓದಿ. ಕನ್ನಡ ಸತ್ಯವೇದದ ವಾಕ್ಯಗಳು ಕಿವಿಗೆ ಬಿದ್ದಾಗಲೇ ಬಿಚ್ಚಿಕೊಳ್ಳುವುದು, ಕಣ್ಣಿಗೆ ಉದ್ದವೆನಿಸಿದ್ದು ನಾಲಿಗೆಗೆ ಸರಾಗವಾಗುತ್ತದೆ. ಓದಿದ ಮೇಲೆ ಒಂದೇ ಒಂದು ಸಾಲನ್ನು ಕೈಯಿಂದ ನೋಟ್‌ಬುಕ್ಕಿಗೆ ಇಳಿಸಿ, ಅದರ ಕೆಳಗೆ ಅದಕ್ಕೆ ಸಂಬಂಧಿಸಿದ ಒಂದು ಸಾಲಿನ ಪ್ರಾರ್ಥನೆ ಬರೆಯಿರಿ. ಒಟ್ಟು ಇಪ್ಪತ್ತು ನಿಮಿಷ. ಓದಲು ಬಾರದ ಅಜ್ಜಿಯರಿಗೆ ಮೊಮ್ಮಕ್ಕಳು ಓದಿಹೇಳಲಿ, ಇಲ್ಲವೇ ಫೋನಿನಲ್ಲಿ ಕನ್ನಡ ಆಡಿಯೋ ಸತ್ಯವೇದ ಹಾಕಿಕೊಡಲಿ. ಮೊಮ್ಮಗುವಿಗೂ ಅಲ್ಲೇ ಕಟ್ಟಿಗೆ ಸಿಗುತ್ತದೆ.

ಇಪ್ಪತ್ತು ನಿಮಿಷಕ್ಕೆ ಜಾಗ ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಒಂದೇ ಉತ್ತರ ಸಾಮಾನ್ಯವಾಗಿ ಕೆಲಸ ಮಾಡುತ್ತದೆ: ರಾತ್ರಿ ಫೋನನ್ನು ಮಲಗುವ ಕೋಣೆಯ ಹೊರಗೆ ಚಾರ್ಜಿಗೆ ಹಾಕಿ, ಹಳೆಯ ಅಲಾರಂ ಗಡಿಯಾರ ಪಕ್ಕದಲ್ಲಿಡಿ.

ಸೇವೆಯಲ್ಲಿರುವವರ ಜಡತೆ: ಓಡಾಟದ ವೇಷದಲ್ಲಿ

ಸಭಾಪಾಲಕರ, ಸುವಾರ್ತಿಕರ ಜಡತೆ ಕೂತಲ್ಲಿ ಕಾಣುವುದಿಲ್ಲ. ಅದು ಓಡಾಡುತ್ತದೆ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಸನ್ಯಾಸಿ ಎವಾಗ್ರಿಯಸ್ ಇದನ್ನು ಹತ್ತಿರದಿಂದ ನೋಡಿ ಬರೆದಿದ್ದಾರೆ. ಬೆಳಿಗ್ಗೆ ಹತ್ತರ ಸುಮಾರಿಗೆ ಶುರುವಾಗಿ ಮಧ್ಯಾಹ್ನ ಎರಡರವರೆಗೆ ಬಿಡದೆ ಕಾಡುವ ಈ ಆಲಸ್ಯಕ್ಕೆ ಸಿಕ್ಕವನಿಗೆ ದಿನ ಐವತ್ತು ಗಂಟೆ ಉದ್ದವಾಗಿ ಕಾಣುತ್ತದೆ. ಕಿಟಕಿಯ ಕಡೆ ನೋಡುತ್ತಾನೆ, ಹೊರಗೆ ಬಂದು ಸೂರ್ಯ ಎಲ್ಲಿಗೆ ಬಂದ ಎಂದು ಅಳೆಯುತ್ತಾನೆ, ಇರುವ ಜಾಗ ಬೇಸರವಾಗುತ್ತದೆ, ಇಲ್ಲಿಯವರಲ್ಲಿ ಪ್ರೀತಿಯೇ ಇಲ್ಲ ಅನ್ನಿಸುತ್ತದೆ, ಬೇರೆ ಊರಾದರೆ ಸೇವೆ ಸುಲಭ ಅನ್ನಿಸುತ್ತದೆ. ಕಿಟಕಿಯ ಜಾಗದಲ್ಲಿ ಫೋನ್ ಇಡಿ, ಬೇರೆ ಊರಿನ ಜಾಗದಲ್ಲಿ ವರ್ಗಾವಣೆ ಇಡಿ, ಇಂದಿನ ಚಿತ್ರವೇ. ಅವರು ಕೊಟ್ಟ ಮದ್ದು ಜಾಗ ಬಿಟ್ಟು ಕದಲದಿರುವುದು.

ಇದನ್ನು ಕಾರ್ಯರೂಪಕ್ಕೆ ತರುವುದು ಹೀಗೆ. ವಾರದಲ್ಲಿ ನಾಲ್ಕು ದಿನ ಬೆಳಿಗ್ಗೆ ಒಂದೂವರೆ ಗಂಟೆ ಒಂದೇ ಮೇಜು, ಒಂದೇ ಕುರ್ಚಿ. ಮೊದಲ ಅರ್ಧ ಗಂಟೆ ಪ್ರಸಂಗಕ್ಕೆ ಸಂಬಂಧವಿಲ್ಲದ ಓದು, ಉಳಿದದ್ದು ಮುಂದಿನ ಭಾನುವಾರದ ಪಾಠ. ಸೋಮವಾರ ಅಥವಾ ಮಂಗಳವಾರವೇ ಆ ಪಾಠವನ್ನು ಒಮ್ಮೆ ಓದಿಟ್ಟರೆ, ವಾರವಿಡೀ ಮನೆಭೇಟಿಗಳಲ್ಲಿ ಕಂಡದ್ದು ತಾನಾಗಿ ಅದರೊಳಗೆ ಬಂದು ಸೇರುತ್ತದೆ. ಶನಿವಾರ ರಾತ್ರಿ ಹತ್ತಕ್ಕೆ ಯೂಟ್ಯೂಬಿನಲ್ಲಿ ಬೇರೆಯವರ ಪ್ರಸಂಗ ಹುಡುಕುವ ಸ್ಥಿತಿ ಬಂದಿದ್ದರೆ ಅದನ್ನು ನಾಚಿಕೆಯಾಗಿ ಅಲ್ಲ, ಲಕ್ಷಣವಾಗಿ ನೋಡಿ. ವಾರಕ್ಕೊಂದು ಪೂರ್ತಿ ರಜೆ ಬೇಕೇ ಬೇಕು. ಅದು ಯಾವ ದಿನ ಎಂದು ಸಭೆಗೂ ಗೊತ್ತಿರಲಿ, ಸಾವು ಮತ್ತು ತುರ್ತು ಕಾಯಿಲೆ ಬಿಟ್ಟು ಬೇರೆ ಯಾವುದಕ್ಕೂ ಆ ದಿನ ಕರೆಯಬಾರದು. ಇದನ್ನು ಹಿರಿಯರು ಕಾಪಾಡಿಕೊಡಬೇಕು, ಅಯ್ಯನವರು ಕೇಳಿ ಪಡೆಯುವಂತಾಗಬಾರದು. ನಾಲ್ಕೈದು ಹಳ್ಳಿಗಳ ಸಭೆಗಳನ್ನು ಒಂದೇ ಬೈಕಿನಲ್ಲಿ ಸುತ್ತುವವರಿಗೆ ಇದು ಇನ್ನೂ ಅಗತ್ಯ.

ಸಭೆಯನ್ನು ಪರೀಕ್ಷಿಸುವುದು

ರಿಜಿಸ್ಟರುಗಳಿಂದ ಶುರುಮಾಡಿ. ಕಳೆದ ಮೂರು ವರ್ಷದ ಭಾನುವಾರದ ಹಾಜರಿ, ಪ್ರಭುಭೋಜನಕ್ಕೆ ಬಂದವರು, ಸಂಡೇ ಸ್ಕೂಲಿನ ಮಕ್ಕಳು, ದೃಢೀಕರಣ ಪಡೆದವರಲ್ಲಿ ಈಗಲೂ ಬರುತ್ತಿರುವವರು. ಕ್ರಿಸ್ಮಸ್, ಈಸ್ಟರ್, ಬೆಳೆ ಹಬ್ಬದ ಲೆಕ್ಕ ಬಿಟ್ಟು ನೋಡಿ, ಹಬ್ಬದ ಜನಸಂದಣಿ ದೋಷವನ್ನು ಮರೆಮಾಚುತ್ತದೆ. ಹಾಜರಿ ಅಷ್ಟೇ ಇದ್ದು ಸಂಡೇ ಸ್ಕೂಲ್ ಕುಗ್ಗಿದ್ದರೆ ಕಷ್ಟ ಹತ್ತು ವರ್ಷದ ಮೇಲೆ ಬರಲಿದೆ ಎಂದರ್ಥ.

ಎರಡನೆಯ ಪರೀಕ್ಷೆ ಆರಾಧನೆಯಲ್ಲೇ ಇದೆ. 1950ರಲ್ಲಿ ಬಳಕೆಗೆ ಬಂದ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಪ್ರಭುಭೋಜನದ ಕ್ರಮದಲ್ಲಿ, ಕಾಣಿಕೆಗೆ ಮುಂಚೆ, ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುತ್ತೇವೆ. ಕಾಣಿಕೆಯನ್ನು ವೇದಿಯ ಮುಂದೆ ಬಿಟ್ಟು ಮೊದಲು ಸಹೋದರನೊಡನೆ ಒಂದಾಗು ಎಂಬ ಮತ್ತಾಯ 5:24ರ ಮಾತು ನೆನಪಾಗಲಿ ಎಂದೇ ಅದು ಆ ಜಾಗದಲ್ಲಿದೆ. ಒಂದು ಭಾನುವಾರ ಗಮನಿಸಿ. ಎರಡು ಅಂಗೈಗಳ ನಡುವೆ ಕೈ ಹಿಡಿಯಬೇಕಾದಲ್ಲಿ ಯಾರ ಬೆರಳ ತುದಿ ಮಾತ್ರ ತಾಕುತ್ತದೆ, ಯಾರು ಯಾರನ್ನು ದಾಟಿ ಹಿಂದಿನ ಬೆಂಚಿಗೆ ಕೈ ಚಾಚುತ್ತಾರೆ, ಸರಿಯಾಗಿ ಆ ಹೊತ್ತಿಗೆ ಯಾರು ಚಪ್ಪಲಿ ಹುಡುಕುವಂತೆ ಬಗ್ಗುತ್ತಾರೆ. ಕಳೆದ ಕಮಿಟಿ ಚುನಾವಣೆಯ ಗಾಯ, ಆಸ್ತಿಯ ಕೋರ್ಟ್ ಕೇಸು, ಇನ್ನೂ ಸಾಯದ ಜಾತಿಯ ಎಣಿಕೆ, ಎಲ್ಲವೂ ಆ ಒಂದೂವರೆ ನಿಮಿಷದಲ್ಲಿ ಬೆಂಚುಗಳ ನಡುವೆ ಕಾಣುತ್ತವೆ. ಅಲ್ಲಿ ಬೂದಿ ಇರುವವರೆಗೆ ಹೊಸ ಕೀಬೋರ್ಡು, ಹೊಸ ಪ್ರೊಜೆಕ್ಟರು ಯಾವುದೂ ಹತ್ತಿಕೊಳ್ಳುವುದಿಲ್ಲ. ಹಿರಿಯರು ಎರಡು ಬಣಗಳ ನಡುವೆ ನಡೆದಾಡಬೇಕು, ಮತ್ತಾಯ 18:15–16ರಂತೆ ಮೊದಲು ಇಬ್ಬರೇ, ಆಗದಿದ್ದರೆ ಒಬ್ಬಿಬ್ಬರು ಸಾಕ್ಷಿಗಳೊಂದಿಗೆ.

ಮೂರನೆಯದು ಹೊರೆಯ ಪರೀಕ್ಷೆ. ಒಂದು ಹಾಳೆಯಲ್ಲಿ ಸಭೆಯ ಎಲ್ಲ ಕೆಲಸ ಬರೆದು ಎದುರಿಗೆ ಮಾಡುವವರ ಹೆಸರು ಬರೆಯಿರಿ: ಗಂಟೆ ಹೊಡೆಯುವುದು, ವಾಚನ, ಲೆಕ್ಕ, ಗಾಯನ, ರೋಗಿಗಳ ಭೇಟಿ, ಅಡುಗೆ. ಒಂದೇ ಹೆಸರು ಮೂರು ಕಡೆ ಬಂದರೆ ಅವರು ದಣಿದಿದ್ದಾರೆ, ಉಳಿದವರು ನೋಡುಗರಾಗಿದ್ದಾರೆ. ಮಾವ ಇತ್ರೋವನು ಮೋಶೆಗೆ ಹೇಳಿದ್ದು ಇದನ್ನೇ: ನೀನೂ ಸವೆದುಹೋಗುವಿ, ಜನರೂ ಸವೆದುಹೋಗುವರು (ವಿಮೋಚನಕಾಂಡ 18). ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಕೆಲಸ ಬೇಡ. ಬಿಟ್ಟುಕೊಡುವವರು ಮೂರು ತಿಂಗಳು ಹೊಸಬರ ಜೊತೆಯಲ್ಲಿದ್ದು ಕಲಿಸಲಿ. ಹೊಸಬರು ಕೆಟ್ಟದಾಗಿ ಮಾಡುತ್ತಾರೆ, ಮೊದಲ ಆರು ತಿಂಗಳು. ಆಗ ಕಿತ್ತುಕೊಳ್ಳದಿರುವುದೇ ಈ ಹೆಜ್ಜೆಯ ಕಷ್ಟ. ಮಾಡಲು ಯಾರೂ ಸಿಗದ, ಯಾರಿಗೂ ಬೇಡವಾದ ಕಾರ್ಯಕ್ರಮವನ್ನು ನಿಲ್ಲಿಸಿ. ನಿಲ್ಲಿಸುವ ದಿನ ಅದಕ್ಕಾಗಿ ದುಡಿದವರ ಹೆಸರು ಹೇಳಿ ಸ್ತೋತ್ರ ಮಾಡಿ.

ಭಾಷೆಯ ದೋಷವೂ ಇದೆ, ಬೆಂಗಳೂರಿನಲ್ಲಿ, ಮುಂಬೈಯ ಕನ್ನಡ ಸಭೆಗಳಲ್ಲಿ ಅದು ದೊಡ್ಡದು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಕ್ಕಳು ಕನ್ನಡ ಮಾತನಾಡುತ್ತಾರೆ, ಓದಲಾರರು. ಅವರಿಗೆ ಆರಾಧನೆ ಪರದೆಯಾಚೆ ನಡೆಯುವ ಸಂಗತಿ. ಕನ್ನಡ ಬಿಡುವುದು ಪರಿಹಾರವಲ್ಲ. ಪ್ರತಿ ತಿಂಗಳು ಒಬ್ಬ ಯುವಕ ಅಥವಾ ಯುವತಿಗೆ ವಾಚನ ಕೊಡಿ, ಹತ್ತು ದಿನ ಮುಂಚೆಯೇ. ಅಜ್ಜ ಅಜ್ಜಿಯ ಮುಂದೆ ಐದು ಸಲ ಓದಿ ಅಭ್ಯಾಸ ಮಾಡಲಿ. ಪ್ರತಿ ಭಾನುವಾರ ಒಂದು ಗೀತೆಯ ಒಂದು ಹಳೆಯ ಪದಕ್ಕೆ ಅರ್ಧ ನಿಮಿಷದಲ್ಲಿ ಅರ್ಥ ಹೇಳಿ ಆಮೇಲೆ ಹಾಡಿ.

ಪ್ರಾರ್ಥನಾ ಕೂಟದ ದುರಸ್ತಿ

ಬುಧವಾರದ ಕೂಟಕ್ಕೆ ಏಳು ಜನ. ಇಪ್ಪತ್ತೈದು ನಿಮಿಷ ಉಪದೇಶ, ಆಮೇಲೆ ಒಬ್ಬ ಹಿರಿಯರು ಹದಿನೈದು ನಿಮಿಷ ಲೋಕವನ್ನೆಲ್ಲ ಸುತ್ತಿ ಬರುವ ಪ್ರಾರ್ಥನೆ, ಉಳಿದವರ ತಲೆ ತೂಗುತ್ತದೆ. ಇದು ಪ್ರಾರ್ಥನಾ ಕೂಟವಲ್ಲ, ಚಿಕ್ಕ ಭಾನುವಾರ.

ಹೀಗೆ ಬದಲಿಸಿ: ಒಟ್ಟು 45 ನಿಮಿಷ. ಒಂದು ಗೀತೆ, ಒಂದು ಚಿಕ್ಕ ಕೀರ್ತನೆ, ವಿವರಣೆ ಇಲ್ಲ. ಆಮೇಲೆ ಮೂರು ಮೂರು ಜನರಾಗಿ ಕೂತು, ಒಬ್ಬೊಬ್ಬರು ಒಂದೇ ವಿಷಯಕ್ಕೆ ಎರಡು ನಿಮಿಷದೊಳಗೆ ಪ್ರಾರ್ಥಿಸುವುದು. ಗಟ್ಟಿಯಾಗಿ ಪ್ರಾರ್ಥಿಸಲು ಹಿಂಜರಿಯುವವರು ಒಂದು ವಾಕ್ಯ ಹೇಳಿದರೂ ಸಾಕು. ಒಂದು ದಪ್ಪ ಪುಸ್ತಕದಲ್ಲಿ ನಾಲ್ಕು ಗೆರೆ ಎಳೆಯಿರಿ: ತಾರೀಕು, ಯಾರಿಗಾಗಿ, ಏನು ಬೇಡಿದೆವು, ಏನಾಯಿತು. ಮುಂದಿನ ವಾರ ಆ ನಾಲ್ಕನೆಯ ಅಂಕಣದಿಂದಲೇ ಕೂಟ ಶುರುವಾಗಬೇಕು. “ಶಸ್ತ್ರಚಿಕಿತ್ಸೆ ಮುಂದೂಡಿದರು”, “ಕೆಲಸ ಸಿಗಲಿಲ್ಲ”, “ತೀರಿಕೊಂಡರು” ಎಂದೂ ಬರೆಯಬೇಕಾಗುತ್ತದೆ. ಅದನ್ನೂ ಬರೆಯಿರಿ. ಬೇಡಿದ್ದನ್ನು ಮರೆತುಬಿಡುವ ಸಭೆ ನಿಜವಾಗಿ ಏನನ್ನೂ ಬೇಡುತ್ತಿಲ್ಲ.

ಇದರ ಜೊತೆಗೆ ಒಂದು ಚಿಕ್ಕ ಗುಂಪು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮೆಥಡಿಸ್ಟರು (ಜಾನ್ ವೆಸ್ಲಿಯ ಅನುಯಾಯಿಗಳು) ಕಟ್ಟಡದ ಸಾಲ ತೀರಿಸಲು ಹನ್ನೆರಡು ಹನ್ನೆರಡು ಜನರ ತರಗತಿ ಮಾಡಿ ವಾರಕ್ಕೊಂದು ಪೆನ್ನಿ ಸಂಗ್ರಹಿಸಿದರು. ಮನೆಮನೆಗೆ ಹೋದ ನಾಯಕರಿಗೆ ಅಲ್ಲಿಯ ಕುಡಿತ, ಜಗಳ, ಸಂಕಟ ಕಂಡವು. ಸಾಲ ವಸೂಲಿ ಆತ್ಮಗಳ ಆರೈಕೆಯಾಯಿತು. ಮೈಸೂರು ಸೀಮೆಯ ವೆಸ್ಲಿಯನ್ ಸಭೆಗಳ ಬೇರು ಅಲ್ಲಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಬೇರೂ ಮನೆಗಳಲ್ಲಿ ಕೂಡಿ ಸತ್ಯವೇದ ಓದುತ್ತಿದ್ದ ಜರ್ಮನ್ ಪಿಯೆಟಿಸ್ಟರಲ್ಲಿದೆ. ಚಿಕ್ಕ ಗುಂಪು ನಮಗೆ ಹೊಸ ಫ್ಯಾಷನ್ ಅಲ್ಲ, ನಾವು ಕಳೆದುಕೊಂಡ ಪಿತ್ರಾರ್ಜಿತ.

ಆರರಿಂದ ಹತ್ತು ಜನ, ವಾರಕ್ಕೊಮ್ಮೆ, ಎಪ್ಪತ್ತೈದು ನಿಮಿಷ, ಚಹಾ ಮಾತ್ರ. ಊಟ ಶುರುವಾದರೆ ಬಡವರ ಮನೆಗೆ ಸರದಿ ಬರುವುದು ನಿಲ್ಲುತ್ತದೆ. ಪ್ರಶ್ನೆ ಮೂರೇ: ಈ ವಾರ ಯಾವ ವಚನ ನಿಮ್ಮಲ್ಲಿ ನಿಂತಿತು? ಎಲ್ಲಿ ಸೋತಿರಿ? ನಾವು ಯಾವುದಕ್ಕಾಗಿ ಪ್ರಾರ್ಥಿಸಬೇಕು? ಗುಂಪು ಕೆಡುವುದು ಎರಡು ದಾರಿಯಲ್ಲಿ. ಒಬ್ಬರು ಉಪದೇಶಕ್ಕೆ ಇಳಿಯುತ್ತಾರೆ, ಅಥವಾ ಹೇಳಿದ ಮಾತು ಹೊರಗೆ ಹೋಗುತ್ತದೆ. ಮೊದಲನೆಯದಕ್ಕೆ ನಡೆಸುವವರು ನಯವಾಗಿ ತಡೆಯಬೇಕು. ಎರಡನೆಯದಕ್ಕೆ ಕ್ಷಮೆ ಇದೆ, ಆದರೆ ಮರುದಿನದಿಂದ ಆ ಗುಂಪಿನಲ್ಲಿ ಯಾರೂ ಬಾಯಿಬಿಡುವುದಿಲ್ಲ. ಆದ್ದರಿಂದ ಮೊದಲ ದಿನವೇ ಎಲ್ಲರಿಂದಲೂ ಮಾತು ಪಡೆಯಿರಿ.

ಹಾಗಾದರೆ ಉಜ್ಜೀವನ ಕೂಟ ಬೇಡವೇ?

ಬೇಕು, ಅದರ ಸರದಿ ಬಂದಾಗ. ಇಂದಿನ ಕರ್ನಾಟಕದ ಪಶ್ಚಿಮ ಘಟ್ಟದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು ಪುಣೆ ಬಳಿಯ ಕೇಡಗಾಂವಿನ ಮುಕ್ತಿ ಮಿಷನ್ನಿನಲ್ಲಿ 1905ರ ಆರಂಭದಲ್ಲಿ ಪ್ರಾರ್ಥನೆಗೆ ಕರೆಕೊಟ್ಟರು. ಹೆಣ್ಣುಮಕ್ಕಳು ತಿಂಗಳುಗಟ್ಟಲೆ ದಿನಾ ಕೂಡಿ ಪ್ರಾರ್ಥಿಸಿದ ಮೇಲೆ, ಆ ವರ್ಷದ ಜೂನ್ ಕೊನೆಯಲ್ಲಿ ಅಲ್ಲಿ ಪಶ್ಚಾತ್ತಾಪದ ಅಳು ಎದ್ದಿತು. ಜೂನನ್ನು ಎಲ್ಲರೂ ನೆನೆಯುತ್ತಾರೆ, ಜನವರಿಯಿಂದ ಮೇವರೆಗಿನದನ್ನು ನೆನೆಯುವುದಿಲ್ಲ.

ಕೂಟ ಇಡುವುದಾದರೆ ಆರು ವಾರ ಮುಂಚೆ ಬೂದಿಯ ಕೆಲಸ ಮುಗಿದಿರಲಿ, ಮೂರು ಮೂರು ಜನರ ಪ್ರಾರ್ಥನೆ ನಡೆಯುತ್ತಿರಲಿ. ಕೂಟದಲ್ಲಿ ಕ್ರಿಸ್ತನನ್ನು ಹಿಂಬಾಲಿಸುವ ತೀರ್ಮಾನ ಮಾಡಿದವರ ಹೆಸರು ಬರೆದುಕೊಂಡು ಏಳು ದಿನದೊಳಗೆ ಅವರ ಮನೆಗೆ ಭೇಟಿ, ಹದಿನಾಲ್ಕು ದಿನದೊಳಗೆ ಒಂದು ಚಿಕ್ಕ ಗುಂಪಿಗೆ ಸೇರ್ಪಡೆ. ಕೂಟದ ಖರ್ಚಿನಷ್ಟೇ ಹಣವನ್ನು ಈ ಮುಂದಿನ ಕೆಲಸಕ್ಕೂ ಮೊದಲೇ ತೆಗೆದಿಡಿ. ಅಷ್ಟು ಹಣ ಇಲ್ಲದಿದ್ದರೆ ಶಾಮಿಯಾನವನ್ನು ಚಿಕ್ಕದು ಮಾಡಿ.

ಹನ್ನೆರಡನೆಯ ವಾರದ ಮರುಪರೀಕ್ಷೆ

ಅದೇ ನೋಟ್‌ಬುಕ್ಕಿನಲ್ಲಿ ಮತ್ತೆ ಏಳು ಪುಟ ಬರೆದು ಮೊದಲಿನ ಏಳರ ಪಕ್ಕದಲ್ಲಿಡಿ. ಅನಿಸಿಕೆಯನ್ನು ಅಳೆಯಬೇಡಿ, ಅದು ಮೋಡದ ಹಾಗೆ. ನೋಡಬೇಕಾದ್ದು ಬೇರೆ: ನಿದ್ದೆ ಸರಿಯಾಗಿದೆಯೇ, ಮಾರ್ಕ ಮುಗಿದು ಮುಂದಕ್ಕೆ ಹೋಗಿದೆಯೇ, ಎದೆ ಬಿಗಿಸುತ್ತಿದ್ದ ಹೆಸರು ಪ್ರಾರ್ಥನೆಯ ಪಟ್ಟಿಗೆ ದಾಟಿದೆಯೇ, ಸಮಾಧಾನದ ಹೊತ್ತಿನಲ್ಲಿ ದಾಟಿಹೋಗುತ್ತಿದ್ದ ಕೈ ಈಗ ನಿಲ್ಲುತ್ತಿದೆಯೇ, ಕೂಟದ ಪುಸ್ತಕದ ನಾಲ್ಕನೆಯ ಅಂಕಣ ತುಂಬುತ್ತಿದೆಯೇ.

ಒಂದಾದರೂ ಕದಲಿದ್ದರೆ ಅದೇ ಕ್ರಮವನ್ನು ಮುಂದುವರಿಸಿ. ಲೂಕ 13ರ ತೋಟಗಾರನು ಮೂರು ವರ್ಷ ಫಲ ಕೊಡದ ಅಂಜೂರದ ಮರಕ್ಕೆ ಇನ್ನೊಂದು ವರ್ಷ ಕೇಳಿಕೊಂಡನು, ಸುಮ್ಮನೆ ಕಾಯಲು ಅಲ್ಲ, ಸುತ್ತ ಅಗೆದು ಗೊಬ್ಬರ ಹಾಕಲು. ಏನೂ ಕದಲದಿದ್ದರೆ ನೋಟ್‌ಬುಕ್ಕನ್ನು ಇನ್ನೊಬ್ಬರ ಕೈಗೆ ಕೊಡಿ. ಸ್ವಂತ ಕಣ್ಣಿಗೆ ಕಾಣದ ಬೂದಿ ಇರುತ್ತದೆ. ಪಕ್ಕದ ಊರಿನ ಅಯ್ಯನವರೋ, ನಿವೃತ್ತರಾದ ಹಿರಿಯ ಅಮ್ಮನವರೋ, ನಿಮ್ಮ ಸಭೆಯ ಚುನಾವಣೆಯಲ್ಲಿ ಮತವಿಲ್ಲದ ಒಬ್ಬರು. ಅವರ ಮುಂದೆ ಹದಿನಾಲ್ಕೂ ಪುಟ ತೆರೆದಿಟ್ಟು, ಅವರು ಪೂರ್ತಿ ಓದಿ ಮುಗಿಸುವವರೆಗೆ ಸುಮ್ಮನೆ ಕೂತಿರಿ.